ಹೊಲಿಗೆ ರಾಣಿಯ ಕೋಣೆ

ರಾಣಿಯಮ್ಮನಿಗೆ ಒಂದು ಚಾಳಿಯಿತ್ತು. ಯಾರ ಮನೆಗೆ ಹೋದರೂ ಮೊದಲು ಕಿಟಕಿ ನೋಡುವುದು. ಮನೆಯವರು ಕುಡಿಯಲು ನೀರು ತರುವಷ್ಟರಲ್ಲಿ ಪರದೆಯ ಅಂಚು ಹಿಡಿದು ತಿರುಗಿಸಿ, ಒಳಹೊಲಿಗೆ ನೋಡಿ, "ಹೂಂ" ಎಂದು ಬಿಟ್ಟುಬಿಡುವುದು. ಆ ಹೂಂಕಾರದ ಅರ್ಥವೇನೆಂದು ತಿಳಿಯದೆ ಮನೆಯವರು ಪೇಚಾಡಬೇಕು. ಹೋಗಲಿ, ಪರದೆ ಹೊಲಿಯುವುದೇ ಅವಳ ಕಸುಬು, ಅಷ್ಟು ಕುತೂಹಲ ತಪ್ಪಲ್ಲ ಎನ್ನೋಣ. ಆದರೆ ಈ ಮಹಾತಾಯಿ ಅಷ್ಟಕ್ಕೇ ನಿಲ್ಲಬೇಕಲ್ಲ! ಎದುರು ಮನೆಯವರು ಯಾಕೆ ಯಾವಾಗಲೂ ಕಿಟಕಿ ಮುಚ್ಚಿರುತ್ತಾರೆ, ಮೂಲೆಮನೆಯವರ ಪರದೆ ಯಾಕೆ ಇದ್ದಕ್ಕಿದ್ದಂತೆ ಬದಲಾಯಿತು, ಎಲ್ಲವನ್ನೂ ಕೇಳಿ ತಿಳಿದುಕೊಂಡ ಮೇಲೆಯೇ ಅಲ್ಲಿಂದ ಏಳುತ್ತಿದ್ದಳು.

ರಾಣಿಯಮ್ಮ ಎಂಬುದು ಅವಳ ಹೆಸರಲ್ಲ. ಅಂಗಡಿಯ ಬೋರ್ಡಿನಲ್ಲಿ "ರಾಣಿ ಪರದೆ ಅಂಗಡಿ" ಎಂದಿತ್ತು. ಗಿರಾಕಿಗಳು ಅದನ್ನೇ ಕರೆದು ಕರೆದು ಅವಳಿಗೆ ಅಂಟಿಸಿಬಿಟ್ಟರು. ಮೊನ್ನೆ ಬಾಡಿಗೆ ಕಾರಿನ ಆಫೀಸಿನಲ್ಲಿ ಕೌಂಟರಿನವಳು ಲೈಸೆನ್ಸು ನೋಡಿ ನಿಜವಾದ ಹೆಸರು ಹಿಡಿದು ಕೂಗಿದರೆ ಇವಳು ತಿರುಗಿಯೂ ನೋಡಲಿಲ್ಲ. ಗಂಡ ಮೊಣಕೈಯಿಂದ ತಿವಿದು, "ನಿನ್ನನ್ನೇ ಕಣೇ ಕರೀತಿರೋದು" ಎಂದ ಮೇಲೆ ಎದ್ದಳು.

ಗಂಡನ ಹೆಸರಿನದೂ ಇದೇ ಕಥೆ. ಎಲ್ಲರಿಗೂ ಅವನು ಕ್ಯಾಪ್ಟನ್. ಹಡಗು ಹತ್ತಿದವನಲ್ಲ, ಸೈನ್ಯ ಸೇರಿದವನಲ್ಲ, ಪ್ರವಾಸಿ ಬಸ್ಸಿನ ಡ್ರೈವರ್. ಕಂಪನಿಯವರು ಅಂದಕ್ಕಿರಲಿ ಎಂದು ಅವನ ಸೀಟಿನ ಮೇಲೆ "ನಿಮ್ಮ ಕ್ಯಾಪ್ಟನ್" ಎಂದು ಬರೆಸಿದ್ದರು. ದುಡಿದ ಕಾಲವೆಲ್ಲ ಅವನದು ಒಂದೇ ದಾರಿ: ರಾಜವೈಭವ ಪ್ರವಾಸ. ಕೆರೆ ದಂಡೆಯ ಅರಮನೆ, ಗುಡ್ಡದ ಕೋಟೆ, ಸಮುದ್ರದ ದಾರಿಯ ಒಂದೆರಡು ಅರಮನೆ, ಕಿರಿಯರಸಿಯ ಅರಮನೆ, ಸುತ್ತಿ ಬಳಸಿ ಊರಿಗೆ. ಒಂದು ತಂಡವನ್ನು ಇಳಿಸಿ ಬಟ್ಟೆ ಒಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ತಂಡ ಸಿದ್ಧ. ಕಾಲಿಗೆ ಚಕ್ರ ಕಟ್ಟಿಕೊಂಡ ಬಾಳು.

ಮದುವೆಯಾದ ಹೊಸದರಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಒಂದೇ ಒಂದು ಕೋಣೆಯಲ್ಲಿ ಅವರ ಸಂಸಾರ. ಸಂಸಾರವೆಂದರೆ ಅವಳೊಬ್ಬಳೇ. ಕೆಳಗೆ ಗಿರಣಿ ಗಡಗಡ ಎನ್ನುತ್ತಿದ್ದರೆ ಮೇಲೆ ತಟ್ಟೆ ಲೋಟಗಳು ಅಲ್ಲಾಡುತ್ತಿದ್ದವು. ಮಾತಾಡಿಸಲು ಒಂದು ನರಪಿಳ್ಳೆಯಿಲ್ಲ. ಒಂದು ದಿನ ಕ್ಯಾಪ್ಟನ್ ಪ್ರವಾಸ ಮುಗಿಸಿ ಬಂದು ಬಾಗಿಲು ತಟ್ಟಿದರೆ ಇವಳು ಟ್ರಂಕಿಗೆ ಬಟ್ಟೆ ತುಂಬಿ ಬೀಗ ಹುಡುಕುತ್ತಿದ್ದಳು.

"ತೌರಿಗೆ ಹೋಗ್ತೀನಿ. ನಿಮಗೆ ಹೆಂಡತಿ ಯಾಕೆ? ಬಸ್ಸನ್ನೇ ಕಟ್ಟಿಕೊಳ್ಳಬೇಕಿತ್ತು," ಎಂದಳು.

ಅವನು ಟೋಪಿ ತೆಗೆದಿಟ್ಟ. ಟ್ರಂಕಿನ ಮೇಲೆ ಕುಳಿತು ಬೂಟಿನ ದಾರ ಬಿಚ್ಚುತ್ತಾ, ಯಾರಿಗೋ ಹೇಳುವವನಂತೆ ಹೇಳತೊಡಗಿದ.

"ಕಿರಿಯರಸಿ ಅರಮನೇಲಿ ಹಿಂದ್ಗಡೆ ಒಂದು ಪುಟ್ಟ ಕೋಣೆ ಇದೆ. ಸುಣ್ಣದ ಗೋಡೆ. ಒಂದೇ ಕಿಟಕಿ, ಎಲ್ಲಾ ಬಿಳಿ ಗಾಜು, ಮೂಲೇಲಿ ಒಂದು ಮಾತ್ರ ಹಸಿರು. ರಾಜ ಊರೂರು ಸುತ್ತೋಕೆ ಹೋದಾಗ ರಾಣಿ ಅಲ್ಲಿ ಒಬ್ಬಳೇ ಕೂತು ಹೊಲೀತಿದ್ದಳಂತೆ. ಹೊತ್ತಿಳಿದ ಹಾಗೆ ಹಸಿರು ಬಿಸಿಲು ಅವಳ ತೊಡೆ ಮೇಲೆ ಬೀಳುತ್ತೆ. ಆ ಬೆಳಕಲ್ಲಿ ಕೆಂಪು ದಾರ ಕಪ್ಪಾಗಿ ಕಾಣುತ್ತಂತೆ. ಅದಕ್ಕೇ ಸ್ಟೂಲನ್ನ ಒಂಚೂರು ಒಂಚೂರು ಸರಿಸ್ತಾ ಹೊಲೀತಾಳೆ."

"ರಾಣಿಗೆ ಸ್ಟೂಲಾ?"

"ದಂತದ ಸ್ಟೂಲು," ಎಂದ ಕ್ಯಾಪ್ಟನ್ ತಡವರಿಸಿ. "ದಾರ ಸುತ್ತಿಡೋಕೆ ಬೆಳ್ಳಿ ಬಾಚಣಿಗೆ. ಹೊರಗೆ ಹೆಜ್ಜೆ ಸಪ್ಪಳ ಆದ್ರೆ ಸಾಕು, ಸೂಜಿ ನಿಲ್ಲಿಸಿ ತಲೆ ಎತ್ತುತ್ತಾಳೆ. ತಾನು ಕಾಯ್ತಿರೋ ಸಪ್ಪಳ ಅಲ್ಲ ಅಂತ ಗೊತ್ತಾದ್ರೆ ಮತ್ತೆ ಹೊಲಿಗೆ."

ರಾಣಿಯಮ್ಮ ಬೀಗ ಹುಡುಕುವುದನ್ನು ಮರೆತಳು. ರಾಣಿಯಾದವಳೂ ಒಬ್ಬಳೇ ಕೂರುತ್ತಿದ್ದಳೇ? ಕಾಯುತ್ತಿದ್ದಳೇ? ಹೊಲಿಯುತ್ತಿದ್ದಳೇ? ಟ್ರಂಕಿನಿಂದ ಬಟ್ಟೆ ಹೊರಬಂತು. ತೌರಿನಿಂದ ತಂದು ಮೂಲೆಗೆ ತಳ್ಳಿದ್ದ ಹೊಲಿಗೆ ಯಂತ್ರ ಕಿಟಕಿಯ ಬಳಿಗೆ ಬಂತು. ಮೊದಲು ಗಿರಣಿಯವರ ಮನೆಯ ಪರದೆ, ಆಮೇಲೆ ಬೀದಿಯವರದು, ಆಮೇಲೆ ಅಂಗಡಿ. ಬೋರ್ಡು ಬರೆಯುವವನು ಹೆಸರೇನು ಎಂದು ಕೇಳಿದಾಗ ಅವಳು ಯೋಚನೆಯನ್ನೇ ಮಾಡಲಿಲ್ಲ. ಅಂಗಡಿಗೆ ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ಪಾಠ ಅದೇ: "ಬಣ್ಣದ ಬೆಳಕಲ್ಲಿ ದಾರ ಆರಿಸಬೇಡಿ ಕಣ್ರೇ. ನನಗೆ ಒಬ್ಬ ರಾಣಿ ಹೇಳಿಕೊಟ್ಟಿದ್ದು."

ಅವಳು ಆ ಕಥೆಯನ್ನು ನಂಬಿದ್ದಕ್ಕೆ ಕಾರಣವೂ ಇತ್ತು. ರೈಲು ಬಿಡುವವನು ಚಿನ್ನದ ಸೂಜಿ ಎನ್ನುತ್ತಾನೆ, ವಜ್ರದ ಗುಂಡಿ ಎನ್ನುತ್ತಾನೆ. ಕೆಂಪು ದಾರ ಕಪ್ಪಾಗಿ ಕಂಡು ಹೊಲಿಗೆ ಕೆಡುತ್ತದೆ ಎಂದು ಯಾವ ಸುಳ್ಳುಗಾರನಿಗೆ ಹೊಳೆದೀತು? ಅದು ಸೂಜಿ ಹಿಡಿದು ಕೂತವರ ಮಾತು. ಆದ್ದರಿಂದ ಆ ರಾಣಿ ಇದ್ದದ್ದು ನಿಜ. ಬೇಸರವಾದಾಗಲೆಲ್ಲ ರಾಣಿಯಮ್ಮ ಮನಸ್ಸಿನಲ್ಲೇ ಆ ಕೋಣೆಗೆ ಹೋಗಿ ರಾಣಿಯ ಪಕ್ಕದಲ್ಲಿ ಇನ್ನೊಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ಆ ಕೋಣೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು, ಆ ಕಿಟಕಿಗೆ ಪರದೆ ಇತ್ತೋ ಇಲ್ಲವೋ ತಿಳಿಯಬೇಕು: ಬೇರೆ ಆಸೆಯೇ ಅವಳಿಗಿರಲಿಲ್ಲ.

ಈಗ ಕ್ಯಾಪ್ಟನ್ನನ ಕಣ್ಣಿನ ಅಂಚುಗಳಲ್ಲಿ ಮಂಜು ಕವಿದಿತ್ತು. ಇನ್ನು ಸ್ಟೀರಿಂಗ್ ಮುಟ್ಟಲೇಬೇಡಿ ಎಂದು ಡಾಕ್ಟರು ಹೇಳಿದ್ದರು. ರಾಣಿಯಮ್ಮನೋ, ಗಿರಾಕಿಗಳ ಮನೆಗೆ ಪರದೆ ಮುಟ್ಟಿಸಲೆಂದು ತಡವಾಗಿ ಕಾರು ಓಡಿಸುವುದನ್ನು ಕಲಿತು ಊರೆಲ್ಲ ಸುತ್ತುತ್ತಿದ್ದಳು. ಅಂಗಡಿಯನ್ನು ಒಂದು ವಾರ ಸೊಸೆಗೆ ಒಪ್ಪಿಸಿ, ಗಂಡನ ಮುಂದೆ ನಿಂತು, "ಅಂಗಡಿ ಕಾರು ಸೊಸೆಗಿರಲಿ, ಬಾಡಿಗೆ ಕಾರು ಹೇಳಿದ್ದೀನಿ. ಇನ್ನು ನಾನು ಕ್ಯಾಪ್ಟನ್, ನೀವು ಪ್ಯಾಸೆಂಜರ್. ನೀವು ನೋಡಿದ ಅರಮನೆಗಳನ್ನೆಲ್ಲ ನನಗೆ ತೋರಿಸಿ," ಎಂದಳು.

ಕ್ಯಾಪ್ಟನ್ನನ ಮುಖ ಇಂಗು ತಿಂದ ಮಂಗನಂತಾಯಿತು. ಕುಣಿಯುತ್ತಾನೆ ಎಂದುಕೊಂಡಿದ್ದವಳಿಗೆ ಅದು ಅರ್ಥವಾಗಲಿಲ್ಲ. ಅಲ್ಲಿ ರಿಪೇರಿ ನಡೆಯುತ್ತಿದೆಯಂತೆ ಎಂದ. ಇವಳು ಫೋನ್ ಮಾಡಿ ಕೇಳಿದಳು, ರಿಪೇರಿ ಇರಲಿಲ್ಲ. ಮೆಟ್ಟಿಲು ಜಾಸ್ತಿ, ನಿನ್ನ ಮಂಡಿಗೆ ಆಗಲ್ಲ ಎಂದ. ಇವಳು ಮಂಡಿಗೆ ಪಟ್ಟಿ ಕೊಂಡುತಂದಳು. ಕೊನೆಗೆ ನೆಪಗಳು ಮುಗಿದು ಕಾರು ಹತ್ತಿದ.

ಬದನೆಕಾಯಿ ಬಣ್ಣದ ಕಾರು. ರಾಣಿಯಮ್ಮ ಸೀಟು ಮುಂದಕ್ಕೆಳೆದು, ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕನ್ನಡಿ ತಿದ್ದಿಕೊಂಡು ಹೊರಟಳು. ಪಕ್ಕದಲ್ಲಿ ಕ್ಯಾಪ್ಟನ್ ಎರಡೂ ಕಾಲುಗಳಿಂದ ನೆಲ ಒತ್ತುತ್ತಿದ್ದ. ಆ ಕಡೆ ಒಂದು ಬ್ರೇಕು ಇದ್ದಿದ್ದರೆ ಕಾರು ಊರೇ ದಾಟುತ್ತಿರಲಿಲ್ಲ.

"ನಿಧಾನ. ಲಾರಿ ಬರ್ತಿದೆ."

"ಅದು ನಿಂತಿರೋ ಲಾರಿ ರೀ."

"ನಿಂತಿರೋದು ಹೊರಡೋದಿಲ್ಲ ಅಂತ ಬರಕೊಟ್ಟಿದೆಯಾ?"

"ಒಂದು ಕೆಲಸ ಮಾಡಿ, ಕಣ್ಣು ಮುಚ್ಚಿಕೊಂಡು ಕೂತ್ಕೊಳ್ಳಿ. ಹೇಗಿದ್ರೂ ಅರ್ಧ ಕಾಣಲ್ಲ," ಎಂದು ರಾಣಿಯಮ್ಮ ಗೇರು ಬದಲಿಸಿದಳು. ಬೇರೆ ಯಾರಾದರೂ ಅಂದಿದ್ದರೆ ಕ್ಯಾಪ್ಟನ್ ಉರಿದು ಬೀಳುತ್ತಿದ್ದ. ಇವಳು ಅಂದದ್ದಕ್ಕೆ ನಕ್ಕುಬಿಟ್ಟ. ನಗು ನಿಂತ ಮೇಲೆ ಮತ್ತೆ ಕಿಟಕಿಯಾಚೆ ನೋಡುತ್ತಾ ಉಗುರು ಕಚ್ಚತೊಡಗಿದ.

ಕೆರೆ ಅರಮನೆಯ ಹೊರಗೆ ಕಾರು ನಿಲ್ಲಿಸುವ ಜಾಗಕ್ಕೆ ಬಂದರೆ, ಸೀಟಿ ಊದುತ್ತಿದ್ದ ಪಾರ್ಕಿಂಗಿನ ಮುದುಕ ಸೀಟಿ ಬಾಯಿಂದ ಉದುರಿಸಿಕೊಂಡು ಓಡಿಬಂದ.

"ಕ್ಯಾಪ್ಟನ್! ಎಷ್ಟು ದಿನ ಆಯ್ತು! ನಿಮ್ಮ ಮರದ ನೆರಳು ಖಾಲಿ ಇದೆ, ಅಲ್ಲೇ ಹಾಕ್ಸಿ." ಆಮೇಲೆ ರಾಣಿಯಮ್ಮನ ಕಡೆ ತಿರುಗಿ, "ನೀವೇ ಕರ್ಕೊಂಡು ಬಂದ್ರಾ ಅಮ್ಮಾ? ಒಳ್ಳೇದಾಯ್ತು. ಇವತ್ತಾದ್ರೂ ಒಳಗೆ ಹೋಗಲಿ. ನಾನೂ ಕರೆದು ಕರೆದು ಸಾಕಾದೆ. 'ಗಾಡಿ ಬಿಟ್ಟು ಬರೋ ಹಾಗಿಲ್ಲಪ್ಪ, ಪ್ಯಾಸೆಂಜರ್ ಸಾಮಾನಿರುತ್ತೆ' ಅಂತ ಒಂದು ಸಲ ಕೂಡ ಆ ಗೇಟು ದಾಟಲಿಲ್ಲ ಪುಣ್ಯಾತ್ಮ!"

ರಾಣಿಯಮ್ಮ ಕಾರನ್ನು ಮರದ ನೆರಳಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿದಳು. ಮುದುಕ ಇನ್ನೊಂದು ಕಾರಿನ ಕಡೆ ಸೀಟಿ ಊದುತ್ತಾ ಹೋಗುವವರೆಗೆ ಕಾದಳು.

"ಒಂದು ಸಲ ಕೂಡ?"

ಕ್ಯಾಪ್ಟನ್ ಸೀಟ್ ಬೆಲ್ಟನ್ನು ಬಿಚ್ಚಿ ಮತ್ತೆ ಹಾಕಿಕೊಂಡ. "ಕಂಪನಿ ರೂಲ್ಸು. ಬಸ್ಸು ಬಿಟ್ಟು ದೂರ ಹೋಗೋ ಹಾಗಿರಲಿಲ್ಲ."

"ಯಾವ ಅರಮನೆಗೂ?"

"ಯಾವುದಕ್ಕೂ."

"ಮತ್ತೆ ನೀವು ಹೇಳ್ತಿದ್ದಿದ್ದು? ಕನ್ನಡಿ ಮನೆ? ಮೀನಿನ ಆಕಾರದ ಸ್ನಾನದ ತೊಟ್ಟಿ? ಏಣಿ ಹಾಕಿ ಹತ್ತೋ ಮಂಚ? ಅಷ್ಟು ವರ್ಷ ನನ್ನನ್ನ ಬೆಪ್ಪುತಕ್ಕಡಿ ಮಾಡಿದ್ರಾ?"

"ಬಸ್ಸು ಹತ್ತಿದ ಮೇಲೆ ಜನ ಮಾತಾಡ್ಕೋತಿದ್ರು ಕಣೇ. ಒಬ್ಬರು ಒಂದು ಹೇಳೋರು, ಇನ್ನೊಬ್ಬರು ಇನ್ನೊಂದು. ನಾನು ಓಡಿಸ್ತಾ ಓಡಿಸ್ತಾ ಕೇಳಿಸ್ಕೊಂಡು ಬಂದು ನಿಂಗೆ ಹೇಳ್ತಿದ್ದೆ. ನೀನು ಕಣ್ಣರಳಿಸಿ ಕೇಳ್ತಿದ್ದೆ. ನಾನು ನೋಡಿಲ್ಲ ಅಂತ ಹೇಗೆ ಹೇಳಲಿ?"

ರಾಣಿಯಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಹಿಂದೆಯೇ ಭಯವೂ ಬಂತು. ಕನ್ನಡಿ ಮನೆ ಸುಳ್ಳಾದರೆ ಹಾಳಾಗಿ ಹೋಗಲಿ. ಮಂಚ ಸುಳ್ಳಾದರೂ ಅವಳಿಗೇನು? ಆದರೆ ಆ ಹೊಲಿಗೆ ರಾಣಿ? ಅವಳೂ ಬೊಗಳೆಯಾದರೆ ಇಷ್ಟು ವರ್ಷ ತಾನು ಯಾರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದು? ಬೋರ್ಡಿನ ಮೇಲಿರುವುದು ಯಾರು? ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡಳು. ಅವನ ಬಾಯಿಂದ ಕೇಳುವುದಕ್ಕಿಂತ ಹೋಗಿ ನೋಡುವುದೇ ವಾಸಿ ಎನ್ನಿಸಿತು.

"ಇಳೀರಿ," ಎಂದಳು. "ಬಂದಿದ್ದೀವಿ, ನೋಡೋಣ. ನಿಮ್ಮ ಪ್ಯಾಸೆಂಜರ್‌ಗಳು ಎಷ್ಟು ನಿಜ ಹೇಳಿದ್ದಾರೆ ಅಂತ ನಾನೂ ನೋಡೇ ಬಿಡ್ತೀನಿ."

ಗೇಟಿನಲ್ಲಿ ಕ್ಯಾಪ್ಟನ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಒಳಗೆ ಕಾಲಿಟ್ಟವನೇ ನಿಂತುಬಿಟ್ಟ. ಎತ್ತರದ ಚಾವಣಿ, ಅದರ ಮೇಲೆ ಮಾಸಿದ ಬಣ್ಣದ ಮೋಡಗಳು, ಆ ಮೋಡಗಳ ನಡುವೆ ಯಾರೋ ಕುದುರೆ ಸವಾರ. ಕುತ್ತಿಗೆ ಹಿಂದಕ್ಕೆ ಹಾಕಿ ನೋಡುತ್ತಾ ನಿಂತವನಿಗೆ ಹಿಂದಿನವರು ಡಿಕ್ಕಿ ಹೊಡೆದರು. "ಅಬ್ಬಾ," ಎಂದ. "ಇದನ್ನ ಯಾರೂ ಹೇಳಿರಲೇ ಇಲ್ಲ ಕಣೇ."

ಸ್ನಾನದ ತೊಟ್ಟಿ ಮೀನಿನ ಆಕಾರದ್ದಾಗಿರಲಿಲ್ಲ. ಸಾದಾ ದುಂಡು ತೊಟ್ಟಿ, ಆದರೆ ನಲ್ಲಿಯ ಬಾಯಿ ಮೀನಿನದು. ಕನ್ನಡಿ ಮನೆಯ ಕನ್ನಡಿಗಳು ಕಪ್ಪುಗಟ್ಟಿದ್ದವು. ಅದರಲ್ಲಿ ಇಬ್ಬರ ಮುಖವೂ ಹೊಗೆಯಲ್ಲಿ ನಿಂತವರ ಹಾಗೆ ಕಂಡಿತು. ರಾಣಿಯಮ್ಮ ಗಂಡನನ್ನು ಬೈಯಬೇಕೆಂದು ಬಂದವಳು ಬೈಯಲು ಪುರುಸೊತ್ತಿಲ್ಲದೆ ನೋಡಿದಳು. ಸುಳ್ಳೂ ಅಲ್ಲದ, ನಿಜವೂ ಅಲ್ಲದ ಈ ಕಥೆಗಳ ಅಂಚು ತಿರುಗಿಸಿ ಒಳಹೊಲಿಗೆ ನೋಡುವುದು ಅವಳಿಗೆ ಮಜವಾಗಿಯೇ ಇತ್ತು, ಸಿಟ್ಟು ಬಂದಿದ್ದರೂ. ಅಲ್ಲಿನ ಪರದೆಗಳನ್ನು ಮುಟ್ಟಲು ಹೋಗಿ ಕಾವಲುಗಾರನಿಂದ ಬೈಸಿಕೊಂಡಳು. ಮುಟ್ಟದೆಯೇ ಬಾಗಿ ನೋಡಿ, "ಹೂಂ" ಎಂದಳು.

ಮರುದಿನ ಗುಡ್ಡದ ಕೋಟೆ. ತಿರುವು ತಿರುವಿಗೂ ಕ್ಯಾಪ್ಟನ್ ಉಸಿರು ಬಿಗಿಹಿಡಿದ. ಆದರೆ ರಾಣಿಯಮ್ಮ ಕಾರನ್ನು ಅರ್ಧ ಇಳಿಜಾರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಾಗ, ಕಾರು ಒಂದಿಷ್ಟೂ ಹಿಂದಕ್ಕೆ ಜಾರಲಿಲ್ಲ. "ಪರವಾಗಿಲ್ಲ," ಎಂದ. ಅವನ ಬಾಯಲ್ಲಿ ಅದು ಪದಕ ಕೊಟ್ಟಂತೆ.

ರಾಜನ ಮಲಗುವ ಕೋಣೆಯ ಬಾಗಿಲಲ್ಲಿ ಕ್ಯಾಪ್ಟನ್ ಅವಳ ಕೈ ಹಿಡಿದೆಳೆದ. "ಏಣಿ! ನೋಡು ನೋಡು, ಏಣಿ ಇದೆ! ನಾನು ಹೇಳಿರಲಿಲ್ವಾ?"

ಏಣಿ ಇದ್ದದ್ದು ನಿಜ. ಅದರ ಮೇಲೆ ಒಬ್ಬ ಕೆಲಸಗಾರ ನಿಂತು ತೂಗುದೀಪದ ಧೂಳು ಒರೆಸುತ್ತಿದ್ದ. ಕೆಳಗೆ ಮಂಚ ಮೊಣಕಾಲೆತ್ತರವೂ ಇರಲಿಲ್ಲ. ಯಾವ ಕಾಲದ್ದೋ ಒಬ್ಬ ಪ್ರಯಾಣಿಕ ಏಣಿಯನ್ನೂ ಮಂಚವನ್ನೂ ಒಟ್ಟಿಗೆ ನೋಡಿ ಬಸ್ಸಿನಲ್ಲಿ ಕಥೆ ಕಟ್ಟಿದ್ದಾನೆ, ಅದು ಗಿರಣಿಯ ಮೇಲಿನ ಕೋಣೆಯವರೆಗೂ ಬಂದಿದೆ. ರಾಣಿಯಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಗೋಡೆಗೊರಗಿ ನಕ್ಕಳು. ಕ್ಯಾಪ್ಟನ್ನೂ ನಕ್ಕ. ಏಣಿಯ ಮೇಲಿನವನು ಏನಾಯಿತೆಂದು ಬಗ್ಗಿ ನೋಡಿದ.

ನಕ್ಕು ಹಗುರಾದ ಆ ಗಳಿಗೆಯಲ್ಲೇ, ಕೋಟೆಯ ಗೋಡೆಯ ಮೇಲೆ ಕುಳಿತು ಬಿಸ್ಕತ್ತು ತಿನ್ನುವಾಗ, ಅವಳು ಕೇಳಿಬಿಟ್ಟಳು.

"ಹೊಲಿಗೆ ರಾಣಿ ವಿಷಯ ಯಾರು ಹೇಳಿದ್ದು ರೀ?"

ಬಿಸ್ಕತ್ತು ಅವನ ಕೈಯಲ್ಲೇ ಉಳಿಯಿತು. "ನೆನಪಿಲ್ಲ."

"ಗಂಡಸೋ ಹೆಂಗಸೋ?"

"ಎಷ್ಟು ವರ್ಷದ ಮಾತು. ನೆನಪಿಲ್ಲ ಅಂದೆನಲ್ಲ." ಬಿಸ್ಕತ್ತನ್ನು ಪೊಟ್ಟಣಕ್ಕೆ ವಾಪಸ್ ಹಾಕಿ, "ನಾಳೆ ಕಿರಿಯರಸಿ ಅರಮನೆ ಬಿಟ್ಟುಬಿಡೋಣ. ಅದು ಅಷ್ಟೇನೂ ಚೆನ್ನಾಗಿಲ್ವಂತೆ. ನೇರ ಸಮುದ್ರದ ಕಡೆ ಹೋಗೋಣ," ಎಂದ.

ಅವನ ಮುಖ ಕಂಡೇ ಅವಳಿಗೆ ಅರ್ಧ ಗೊತ್ತಾಯಿತು. ಬಾಯಲ್ಲಿದ್ದ ಬಿಸ್ಕತ್ತಿನ ರುಚಿ ಹೋಯಿತು. "ನಾನು ಮನೆ ಬಿಟ್ಟು ಬಂದಿದ್ದೇ ಅದನ್ನ ನೋಡೋಕೆ," ಎಂದಳು. "ಕೋಣೆ ಇದ್ರೆ ನೋಡ್ತೀನಿ. ಇಲ್ಲದಿದ್ರೆ ಇಲ್ಲ ಅಂತ ನೋಡ್ತೀನಿ."

ಮರುದಿನ ದಾರಿಯುದ್ದಕ್ಕೂ ಅವನು ತನ್ನ ಕಡೆ ಇಲ್ಲದ ಬ್ರೇಕನ್ನು ಒಮ್ಮೆಯೂ ಒತ್ತಲಿಲ್ಲ. ಕಿರಿಯರಸಿಯ ಅರಮನೆ ಊರಿನ ಅಂಚಿನಲ್ಲಿತ್ತು. ಬಾಳೆಹಣ್ಣಿನ ಸಿಪ್ಪೆಯ ಬಣ್ಣದ ಗೋಡೆಗಳು, ಮುಂದೆ ಹುಲ್ಲುಹಾಸು, ಮಗ್ಗುಲಲ್ಲಿ ಬಸ್ಸುಗಳ ಸಾಲು. ಕಾರು ನಿಲ್ಲಿಸಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಕ್ಯಾಪ್ಟನ್ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ನೀನು ಹೋಗಿ ಬಾ. ನಾನು ಇಲ್ಲೇ ಇರ್ತೀನಿ," ಎಂದ. ಕರೆದರೂ ಅವನು ಬರುವ ಹಾಗೆ ಕಾಣಲಿಲ್ಲ. ಅವಳು ಕರೆಯಲೂ ಇಲ್ಲ.

ರಾಣಿಯಮ್ಮ ಒಂದು ಕೋಣೆ ಬಿಡಲಿಲ್ಲ. ದರ್ಬಾರು, ಊಟದ ಮನೆ, ಮಕ್ಕಳ ತೊಟ್ಟಿಲು ಇಟ್ಟಿದ್ದ ಕೋಣೆ, ಉಡುಪುಗಳ ಗಾಜಿನ ಪೆಟ್ಟಿಗೆಗಳು. ಕಿಟಕಿ ಕಂಡಲ್ಲೆಲ್ಲ ಓಡಿದಳು. ಮಂಡಿಯ ಪಟ್ಟಿ ಜಾರಿತು, ಎಳೆದುಕೊಂಡು ಮತ್ತೆ ನಡೆದಳು. ಒಂದು ಹಜಾರದಲ್ಲಿ ಕಿಟಕಿ ತುಂಬ ಬಣ್ಣದ ಗಾಜು ಕಂಡಿತು. ಹತ್ತಿರ ಹೋದರೆ ಕೆಂಪು, ಹಳದಿ, ನೀಲಿ, ಎಲ್ಲವೂ ಇತ್ತು. ಒಂಟಿ ಹಸಿರಲ್ಲ. ಕೊನೆಗೆ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಗೈಡ್ ಹೆಂಗಸನ್ನು ಹಿಡಿದು ನಿಲ್ಲಿಸಿದಳು.

"ರಾಣಿ ಹೊಲಿಗೆ ಹೊಲೀತಿದ್ದ ಕೋಣೆ ಎಲ್ಲಿ ತಾಯೀ? ಹಿಂದ್ಗಡೆ ಎಲ್ಲೋ ಇದೆಯಂತೆ. ಸುಣ್ಣದ ಗೋಡೆ, ಒಂದೇ ಒಂದು ಹಸಿರು ಗಾಜು?"

ಗೈಡ್ ಪಾಪ, ಸೌಜನ್ಯದವಳು. ಇನ್ನೊಬ್ಬಳನ್ನೂ ಕರೆದು ಕೇಳಿದಳು. ಇಬ್ಬರೂ ತಲೆಯಾಡಿಸಿದರು. "ಅಂಥ ಕೋಣೆ ಇಲ್ಲಮ್ಮ. ಇಲ್ಲಿನ ರಾಣಿಯರು ಸೂಜಿ ಮುಟ್ಟಿದ್ದು ನಾವು ಕೇಳಿಲ್ಲ. ದರ್ಜಿಗಳೇ ಬೇಕಾದಷ್ಟು ಜನ ಇದ್ರು. ರಾಜರಂತೂ ಹೊರಗೆ ಹೋಗುವಾಗ ಮನೆಯವರನ್ನೆಲ್ಲ ಕರಕೊಂಡೇ ಹೋಗ್ತಿದ್ರು. ಯಾರು ಹೇಳಿದ್ರು ನಿಮಗೆ?"

"ಯಾರೋ," ಎಂದಳು ರಾಣಿಯಮ್ಮ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಅಳು ಬರುತ್ತದೇನೋ ಎಂದುಕೊಂಡಳು, ಬರಲಿಲ್ಲ. ಕೋಣೆ ಇರಲಿಲ್ಲ. ಆ ಕಾಯುವ ಹೆಂಗಸು ಇರಲೇ ಇಲ್ಲ. ಟ್ರಂಕಿನ ಮೇಲೆ ಕೂತ ಗಂಡಸೊಬ್ಬ ಹೆಂಡತಿ ಹೋಗದಿರಲಿ ಎಂದು ಬಾಯಿಗೆ ಬಂದದ್ದು ಒದರಿದ, ಇವಳು ಅದರ ಮೇಲೆ ಬಾಳು ಕಟ್ಟಿಕೊಂಡಳು. ಅಷ್ಟೇ. ಅಂಗಡಿಯ ಹುಡುಗಿಯರ ಮುಂದೆ ಎಷ್ಟು ಜಂಬದಿಂದ ಹೇಳಿದ್ದಳು! ನೆನೆದರೆ ನಾಚಿಕೆಯಾಯಿತು. ಆದರೂ ಅವಳ ತಲೆಯೊಳಗೆ ಒಂದು ಎಳೆ ಮಾತ್ರ ಗಂಟಾಗಿ ಉಳಿಯಿತು. ಎಲ್ಲ ಸುಳ್ಳೇ ಆಗಲಿ, ಕೆಂಪು ದಾರ ಕಪ್ಪಾಗಿ ಕಾಣುವುದು ಆ ಬಸ್ಸು ಓಡಿಸುವವನಿಗೆ ಹೊಳೆದದ್ದಾದರೂ ಹೇಗೆ? ಬೈಯುವ ಮುಂಚೆ ಇದೊಂದನ್ನು ಕೇಳಲೇಬೇಕು ಎಂದು ಎದ್ದಳು.

ಕಾರಿನ ಹತ್ತಿರ ಅವನಿರಲಿಲ್ಲ. ಬಸ್ಸಿನ ಗಾಜು ತೊಳೆಯುತ್ತಿದ್ದವನನ್ನು ಕೇಳಿದಳು.

"ಕ್ಯಾಪ್ಟನ್ನಾ? ಎಲ್ಲಿರ್ತಾರೆ, ಅವರ ಜಾಗದಲ್ಲೇ ಇರ್ತಾರೆ," ಎಂದು ಅವನು ಒದ್ದೆ ಬಟ್ಟೆಯಲ್ಲೇ ತೋರಿಸಿದ. ಅರಮನೆಯ ಹಿಂದೆ, ಗೋಡೆಗೆ ಒತ್ತಿಕೊಂಡು, ಒಂದು ಹಳೆಯ ಕಟ್ಟಡದ ತುಂಡು. ಬಾಗಿಲ ಮೇಲೆ "ಚಾಲಕರ ವಿಶ್ರಾಂತಿ ಕೋಣೆ" ಎಂದು ಬಣ್ಣದಲ್ಲಿ ಬರೆದಿತ್ತು.

ಜಲ್ಲಿಕಲ್ಲಿನ ಮೇಲೆ ಅವಳ ಚಪ್ಪಲಿ ಕರಕರ ಎಂದಿತು. ಬಾಗಿಲು ತೆರೆದೇ ಇತ್ತು. ಒಳಗೆ ಕ್ಯಾಪ್ಟನ್ ಒಬ್ಬನೇ ಬೆನ್ನು ಬಗ್ಗಿಸಿ ಕುಳಿತಿದ್ದ. ಸಪ್ಪಳ ಕೇಳಿದ್ದೇ ತಲೆ ಎತ್ತಿದ.

ರಾಣಿಯಮ್ಮ ಹೊಸ್ತಿಲ ಮೇಲೇ ನಿಂತಳು. ಹೀಗೆ ತಲೆ ಎತ್ತುವವರನ್ನು ಅವಳು ಎಷ್ಟೋ ವರ್ಷಗಳಿಂದ ಬಲ್ಲಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಅವಳ ಕಣ್ಣು ಕಿಟಕಿಯತ್ತ ಹೋಯಿತು. ಒಂದೇ ಕಿಟಕಿ. ಎಲ್ಲ ಬಿಳಿ ಗಾಜು. ಕೆಳಗಿನ ಮೂಲೆಯ ಗಾಜು ಯಾವಾಗಲೋ ಒಡೆದು, ಅರಮನೆಯ ಯಾವುದೋ ಉಳಿಕೆ ಗಾಜನ್ನು ಅಲ್ಲಿ ಕೂರಿಸಿದ್ದರು. ಅದು ಹಸಿರು. ಇಳಿಬಿಸಿಲು ಅದರಲ್ಲಿ ಹಾದು ಕ್ಯಾಪ್ಟನ್ನನ ತೊಡೆಯ ಮೇಲೆ ಬಿದ್ದಿತ್ತು. ಗೋಡೆಗೆ ಸುಣ್ಣ. ಅವನು ಕುಳಿತದ್ದು ಮರದ ಸ್ಟೂಲಿನ ಮೇಲೆ, ಅದರ ಒಂದು ಕಾಲು ಗಿಡ್ಡ.

ಅವಳು ಒಳಗೆ ಬಂದು ಗೋಡೆಯ ಸುಣ್ಣವನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಅವಳೇ ಕೇಳಿದಳು. "ಏನು ಹೊಲೀತಿದ್ರಿ?"

"ಬಸ್ಸಿನ ಪರದೆ," ಎಂದ ಕ್ಯಾಪ್ಟನ್ ನೆಲ ನೋಡುತ್ತಾ. "ಕೆಂಪು ಪರದೆ ಇದ್ವಲ್ಲ. ಜನ ಎಳೆದೆಳೆದು ಕುಣಿಕೆ ಕಿತ್ತುಹಾಕೋರು. ಮ್ಯಾನೇಜರ್ ಬೈತಿದ್ದ. ನೀನು ನನ್ನ ಬ್ಯಾಗಿಗೆ ಸೂಜಿ ದಾರ ಹಾಕಿಡ್ತಿದ್ದೆಯಲ್ಲ, ಗುಂಡಿ ಕಿತ್ತರೆ ಇರಲಿ ಅಂತ. ಮುರುಕು ಬಾಚಣಿಗೆಗೆ ದಾರ ಸುತ್ತಿ. ಅದರಲ್ಲೇ ಹೊಲೀತಿದ್ದೆ. ಒಂದು ಸಲ ಕೆಂಪು ದಾರ ಅಂತ ಕಪ್ಪು ದಾರದಲ್ಲಿ ಪೂರ್ತಿ ಹೊಲಿದುಬಿಟ್ಟಿದ್ದೆ. ಬೆಳ್ಳಿ ಬಾಚಣಿಗೆ ಅಂತ ನಾನು ಸೇರಿಸಿದ್ದು. ದಂತದ ಸ್ಟೂಲೂ."

"ರಾಣಿ ಅಂತ ಯಾಕೆ ಹೇಳಿದ್ರಿ? 'ನಾನು ಕೂರ್ತೀನಿ' ಅಂತ ಹೇಳಬಹುದಿತ್ತಲ್ಲ."

"ನೀನು ಟ್ರಂಕು ತುಂಬಿದ್ದೆ. ಬಸ್ಸಿನ ಡ್ರೈವರ್ ಒಬ್ಬ ಮೂಲೇಲಿ ಒಬ್ಬನೇ ಕೂತಿರ್ತಾನೆ ಅಂದ್ರೆ ಯಾರು ನಿಲ್ತಾರೆ ಅನ್ನಿಸ್ತು. ರಾಣಿ ಅಂದ್ರೆ ನಿಲ್ತೀಯೇನೋ ಅಂತ."

ರಾಣಿಯಮ್ಮನಿಗೆ ಮೆಟ್ಟಿಲ ಮೇಲೆ ಬಾರದ ಅಳು ಈಗ ಬಂತು. ಸೆರಗಿನಲ್ಲಿ ಮೂಗೊರೆಸಿಕೊಂಡಳು. ಒಂದು ಪ್ರಶ್ನೆ ಇನ್ನೂ ಬಾಕಿಯಿತ್ತು, ಅದನ್ನು ಬಿಟ್ಟರೆ ಅವಳು ರಾಣಿಯಮ್ಮನೇ ಅಲ್ಲ.

"ಹೆಜ್ಜೆ ಸಪ್ಪಳ ಆದ್ರೆ ತಲೆ ಎತ್ತೋದು? ಇಲ್ಲಿಗೆ ಯಾವ ರಾಜ ಬರ್ತಿದ್ದ?"

"ಪ್ಯಾಸೆಂಜರ್‌ಗಳು," ಎಂದ ಕ್ಯಾಪ್ಟನ್. "ಇದೇ ಅಲ್ವಾ ಕೊನೇ ಅರಮನೆ, ನಮ್ಮ ಬಸ್ಸಿನ ಪ್ರವಾಸದಲ್ಲಿ? ಅವರು ಅರಮನೆ ನೋಡಿ ವಾಪಸ್ ಬಂದ್ರೆ, ಬಸ್ಸು ಮನೆ ಕಡೆ ತಿರುಗೋದು."

ಅವಳು ಕಿಟಕಿಯ ಬಳಿ ಹೋದಳು. ಅದಕ್ಕೆ ಪರದೆ ಇತ್ತು, ಬಸ್ಸಿನ ಹಳೆಯ ಪರದೆಯ ಬಣ್ಣ ಮಾಸಿದ ಒಂದು ತುಂಡು. ಅದರ ಒಂದು ಕುಣಿಕೆ ಕಿತ್ತು ಜೋತಾಡುತ್ತಿತ್ತು. ಅಂಚು ತಿರುಗಿಸಿ ಒಳಹೊಲಿಗೆ ನೋಡಿದಳು. ದೊಡ್ಡ ದೊಡ್ಡ ಗಂಡಸು ಹೊಲಿಗೆ, ಒಳಮಗ್ಗುಲಲ್ಲಿ ಇನ್ನೂ ಕೆಂಪಾಗಿದ್ದ ಬಟ್ಟೆಗೆ ಉದ್ದಕ್ಕೂ ಕಪ್ಪು ದಾರ. ಹೂಂ ಎನ್ನುವ ಬದಲು ಕೈಚೀಲದಿಂದ ಸೂಜಿ ತೆಗೆದು, ದಾರ ಪೋಣಿಸಿ, ಕೂರಲು ಜಾಗ ನೋಡಿದಳು. ಕ್ಯಾಪ್ಟನ್ ಎದ್ದು ಸ್ಟೂಲು ಬಿಟ್ಟುಕೊಟ್ಟ. ಬಿಟ್ಟುಕೊಡುವ ಮೊದಲು, ಯಾರೂ ಹೇಳದೆಯೇ, ಅದನ್ನು ಹಸಿರು ಬಿಸಿಲಿನಿಂದ ಒಂಚೂರು ಆಚೆಗೆ ಸರಿಸಿದ.

ಕುಣಿಕೆ ಹೊಲಿದು, ಹಲ್ಲಿನಿಂದ ದಾರ ಕಡಿದು, ರಾಣಿಯಮ್ಮ ಎದ್ದಳು. ಕಾರಿನ ಕೀಲಿ ಹೊರಬಂತು.

"ಸಮುದ್ರದ ದಾರೀಲಿ ಇನ್ನೂ ಒಂದೆರಡು ಅರಮನೆ ಇವೆ ಅಂದಿದ್ರಲ್ಲ?"

"ಇವೆ. ಯಾಕೆ, ಸಾಕಾಗಿಲ್ವಾ ನಿಂಗೆ? ನಾನು ಹೇಳಿದ್ದರಲ್ಲಿ ಇನ್ನೂ ಎಷ್ಟು ಸುಳ್ಳು ಇದೆಯೋ ನಂಗೇ ಗೊತ್ತಿಲ್ಲ."

"ನಡೀರಿ," ಎಂದಳು ರಾಣಿಯಮ್ಮ. "ಅರಮನೆ ಆಮೇಲೆ ನೋಡಿದ್ರಾಯ್ತು. ಮೊದಲು ನೀವು ಕೂತಿರ್ತಿದ್ದ ಜಾಗ ತೋರಿಸಿ."